ಕಸುಬು ಬದಲಾದರೆ ಕಾಯಕ ಕೆಟ್ಟೀತೇ?



ಶ್ರಾವಣದ ಈ ಪ್ರವಚನಮಾಲೆಯಲ್ಲಿ ನಿನ್ನೆಯವರೆಗೆ ದಾಸೋಹದ ವಿಚಾರವನ್ನು ಮಾತನಾಡಿದೆವು. ಇಂದು ಕಾಯಕದ ಬಗ್ಗೆ ಎರಡು ಮಾತು ಹೇಳಬೇಕೆಂದಿದ್ದೇವೆ. ಕಾಯಕದ ಬಗ್ಗೆ ನೀವು ಕೇಳದೆ ಇರುವುದು ಏನಿದೆ? ಹುಟ್ಟಿದಾಗಿನಿಂದ ಕೇಳುತ್ತ ಬಂದಿದ್ದೀರಿ. ಆದರೂ ಇವೊತ್ತು ಅದನ್ನೇ ಎತ್ತಿಕೊಳ್ಳುವುದಕ್ಕೆ ಒಂದು ಕಾರಣವಿದೆ. ಈ ವಿಷಯದಲ್ಲಿ ನಾವು ಒಮ್ಮೆ ತಪ್ಪಿದ್ದೇವೆ. ಆ ತಪ್ಪನ್ನು ನಿಮ್ಮ ಮುಂದೆ ಇಟ್ಟೇ ಮಾತನ್ನು ಆರಂಭಿಸುವುದು ಒಳಿತು.

ಕೆಲವು ವರ್ಷಗಳ ಹಿಂದೆ ಒಬ್ಬ ಭಕ್ತ ಮಠಕ್ಕೆ ಬಂದ. ಸುಮಾರು ನಲವತ್ತರ ವಯಸ್ಸು. ಮನೆಯಲ್ಲಿ ಹೆಂಡತಿ, ಎರಡು ಮಕ್ಕಳು, ವಯಸ್ಸಾದ ತಾಯಿ. ಸಾಲ ಕೊಡುವ ಒಂದು ಸಂಸ್ಥೆಯಲ್ಲಿ ಕಂತು ವಸೂಲಿಯ ಕೆಲಸ. ಊರೂರು ತಿರುಗಿ, ಕಂತು ತುಂಬದವರ ಮನೆಯ ಬಾಗಿಲಲ್ಲಿ ನಿಲ್ಲುವುದು ಅವನ ಉದ್ಯೋಗ. ನಮಸ್ಕಾರ ಮಾಡಿ ಕುಳಿತು ಹೇಳಿದ: "ಅಪ್ಪಾರ, ಪಗಾರ ತಪ್ಪದಂಗ ಒಂದನೇ ತಾರೀಖಿಗೆ ಬರತೈತ್ರಿ. ಮನ್ಯಾಗ ಯಾವುದಕ್ಕೂ ಕಡಿಮಿ ಇಲ್ಲ. ಆದರ ಮುಂಜಾನೆ ಎದ್ದು ಗಾಡಿ ಕೀಲಿ ಕೈಯಾಗ ಹಿಡಿದ ಕೂಡಲೆ ಎದಿ ಮ್ಯಾಲ ಕಲ್ಲು ಇಟ್ಟಂಗ ಆಗತೈತ್ರಿ. ನಾ ಯಾತಕ್ಕ ಬದುಕೀನಿ ಅನ್ನೂದ ತಿಳೀವಲ್ದ್ರಿ. ಈ ಕೆಲಸ ಬಿಡ್ಲೇನ್ರಿ?"

ನಾವು ಅಂದು ಒಂದು ಊರಿನ ಕಾರ್ಯಕ್ರಮಕ್ಕೆ ಹೊರಟಿದ್ದೆವು. ಗಾಡಿ ಬಂದು ನಿಂತಿತ್ತು. ನಿಂತ ನಿಲುವಿನಲ್ಲಿಯೇ ಉತ್ತರ ಕೊಟ್ಟೆವು: "ತಮ್ಮಾ, ಕೈಗೆ ಬಂದ ಕಾಯಕವನ್ನು ಬಿಡಬಾರದು. ಯಾವ ಕೆಲಸವೂ ಕೀಳಲ್ಲ. ಅದರಲ್ಲಿಯೇ ಕೈಲಾಸವನ್ನು ಕಾಣು." ಅವನು ತಲೆ ಬಾಗಿಸಿ ಹೋದ. ಒಳ್ಳೆಯ ಮಾತು ಹೇಳಿದೆವೆಂಬ ಸಮಾಧಾನದಲ್ಲಿ ನಾವೂ ಹೋದೆವು.

ಎರಡು ಬೇಸಿಗೆ ಕಳೆದ ಮೇಲೆ ಅವನು ಮತ್ತೆ ಬಂದ. ಈ ಸಲ ಕುಳಿತುಕೊಳ್ಳಲಿಲ್ಲ. ಕಂಬಕ್ಕೆ ಆತು ನಿಂತು ಹೇಳಿದ. ಮಳೆ ಹೋದ ವರ್ಷ. ಒಂದು ಊರಿನಲ್ಲಿ ಗಂಡನನ್ನು ಕಳೆದುಕೊಂಡ ಒಬ್ಬ ತಾಯಿ ನಾಲ್ಕು ಕಂತು ತುಂಬಿರಲಿಲ್ಲ. ಮೇಲಿನವರ ಅಪ್ಪಣೆ ಆಗಿತ್ತು. ಆಕೆಯ ಹೊಲಿಗೆ ಯಂತ್ರವನ್ನು ಇವನು ಎತ್ತಿಕೊಂಡು ಬಂದ. ಆಕೆಯ ಸಣ್ಣ ಮಗಳು ಬಾಗಿಲವರೆಗೆ ಬಂದು ಕೇಳಿದಳಂತೆ: "ಕಾಕಾ, ನಮ್ಮವ್ವ ಇನ್ನ ಮ್ಯಾಲ ಏನ ಮಾಡಬೇಕ್ರಿ?" ಇಷ್ಟು ಹೇಳಿ ಅವನು ನಮ್ಮ ಮುಖ ನೋಡಿ ಅಂದ: "ಅಪ್ಪಾರ, ಇದೂ ಕಾಯಕನ ಅಂತ ನೀವು ಅಂದಿದ್ರಿ. ಆ ಮಷಿನು ಹೊತ್ತು ಬರಾಗ ನಿಮ್ಮ ಮಾತ ನೆನಿಸಿಕೊಂಡು ಬಂದ್ನಿರಿ."

ಬಂಧುಗಳೇ, ಆ ಮಾತನ್ನು ಕೇಳಿದ ರಾತ್ರಿ ಪೂಜೆಗೆ ಕುಳಿತರೆ ಲಿಂಗದ ಮೇಲೆ ದೃಷ್ಟಿ ನಿಲ್ಲಲಿಲ್ಲ. ನಾವು ಹೇಳಿದ ಮಾತಿನ ಬಲದಿಂದಲೇ ಒಬ್ಬ ಸಾತ್ವಿಕನು ತನ್ನ ಅಂತಃಕರಣವನ್ನು ಮುಚ್ಚಿಕೊಂಡಿದ್ದ. ಶರಣರ ಮಾತು ಬಿಡುಗಡೆಗಾಗಿ ಹುಟ್ಟಿದ್ದು. ಅದನ್ನು ನಾವು ಬೇಡಿಯನ್ನಾಗಿ ಮಾಡಿ ಅವನ ಕಾಲಿಗೆ ಹಾಕಿದ್ದೆವು. ಮರುದಿನ ಅವನನ್ನು ಕರೆಯಿಸಿ, "ತಮ್ಮಾ, ನಾವು ಅವಸರದಲ್ಲಿ ಹೇಳಿದ್ದು ತಪ್ಪಾಯಿತು" ಎಂದೆವು. ಇಂದು ನಿಮ್ಮೆಲ್ಲರ ಮುಂದೆಯೂ ಅದನ್ನೇ ಹೇಳುತ್ತೇವೆ. ಗುರುವಿನ ಸ್ಥಾನದಲ್ಲಿ ಕುಳಿತವನಿಗೂ ಕಲಿಯುವುದು ಮುಗಿದಿರುವುದಿಲ್ಲ.

ಹಾಗಾದರೆ ನಮ್ಮ ತಪ್ಪು ಎಲ್ಲಿ? ಕಾಯಕ ಎಂದರೆ ಇದ್ದ ಕೆಲಸದಲ್ಲಿ ಇದ್ದಂತೆ ಇರುವುದು ಎಂದು ನಾವು ತಿಳಿದದ್ದೇ ತಪ್ಪು. ಅಪ್ಪನ ಕಸುಬು ಮಗನಿಗೆ, ಮಗನ ಕಸುಬು ಮೊಮ್ಮಗನಿಗೆ, ಯಾರೂ ಗೆರೆ ದಾಟಬಾರದು ಎಂಬುದು ಹಳೆಯ ವ್ಯವಸ್ಥೆ. ಹನ್ನೆರಡನೆಯ ಶತಮಾನದಲ್ಲಿ ಕಲ್ಯಾಣದ ಶರಣರು ಎದುರಿಸಿ ನಿಂತದ್ದು ಆ ವ್ಯವಸ್ಥೆಯನ್ನೇ ಅಲ್ಲವೇ? ಹುಟ್ಟಿನಿಂದ ಕಸುಬು ಮೇಲು ಕೀಳಾಗುವುದಿಲ್ಲ ಎಂದು ಸಾರಿದವರು, ಹುಟ್ಟಿದ ಕಸುಬಿನಲ್ಲಿಯೇ ಸಾಯಬೇಕು ಎಂದು ಹೇಳಿಯಾರೇ?

ಬಸವಣ್ಣನವರ ಜೀವನವನ್ನೇ ನೋಡಿರಿ. ಬಾಗೇವಾಡಿಯ ಮನೆಯನ್ನು ಬಿಟ್ಟರು. ಕೂಡಲಸಂಗಮದಲ್ಲಿ ಅಧ್ಯಯನ ಮಾಡಿದರು. ಮಂಗಳವಾಡದಲ್ಲಿ ಲೆಕ್ಕ ಬರೆಯುವ ಕರಣಿಕರಾದರು. ಕಲ್ಯಾಣದಲ್ಲಿ ಭಂಡಾರಿಗಳಾದರು. ಕೊನೆಗೆ ಆ ಪದವಿಯನ್ನೂ ಬಿಟ್ಟು ಸಂಗಮಕ್ಕೆ ಮರಳಿದರು. ಕೆಲಸ ಎಷ್ಟು ಸಲ ಬದಲಾಯಿತು! ಆದರೆ ಲಕ್ಷ್ಯ ಎಲ್ಲಿ ಬದಲಾಯಿತು?

ಮೋಳಿಗೆ ಮಾರಯ್ಯನವರ ಕಥೆ ನಿಮಗೆಲ್ಲ ಗೊತ್ತು. ಅವರು ಕಾಶ್ಮೀರದ ಅರಸರಾಗಿದ್ದರೆಂದು ಪರಂಪರೆ ಹೇಳುತ್ತದೆ. ಸಿಂಹಾಸನ ಬಿಟ್ಟು, ಮಡದಿ ಮಹಾದೇವಮ್ಮನವರೊಡನೆ ಕಲ್ಯಾಣಕ್ಕೆ ಬಂದು, ಕಾಡಿನಲ್ಲಿ ಕಟ್ಟಿಗೆ ಕಡಿದು, ಹೊರೆ ಹೊತ್ತು ಮಾರಿ, ಬಂದದ್ದರಲ್ಲಿ ಜಂಗಮ ದಾಸೋಹ ಮಾಡಿದರು. ಅವರು ಮನೆಯಲ್ಲಿ ಇಲ್ಲದಾಗ ಬಸವಣ್ಣನವರು ಬಂದು, ಅಂಬಲಿ ಸ್ವೀಕರಿಸಿ, ಹೊನ್ನಿನ ಗಂಟನ್ನು ಗುಟ್ಟಾಗಿ ಇಟ್ಟುಹೋದರಂತೆ. ಮಾರಯ್ಯನವರು ಆ ಹೊನ್ನನ್ನು ತಮ್ಮದೆಂದು ಇಟ್ಟುಕೊಳ್ಳಲಿಲ್ಲ. ಭುಜದ ಮೇಲಿನ ಕಟ್ಟಿಗೆಯ ಹೊರೆ ಅವರಿಗೆ ಭಾರವಾಗಿರಲಿಲ್ಲ, ಬೆವರಿಲ್ಲದ ಹೊನ್ನು ಭಾರವಾಯಿತು. ಕಿನ್ನರಿ ಬೊಮ್ಮಯ್ಯನವರು ಮೊದಲು ಅಕ್ಕಸಾಲೆಯ ಕೆಲಸ ಮಾಡುತ್ತಿದ್ದರೆಂದೂ, ಅದನ್ನು ಬಿಟ್ಟು ಕಿನ್ನರಿ ನುಡಿಸುವುದನ್ನೇ ಕಾಯಕ ಮಾಡಿಕೊಂಡರೆಂದೂ ಹೇಳುತ್ತಾರೆ.

ಇದು ಪುರಾಣದ ಕಾಲದ ಮಾತು, ಇಂದಿಗೆ ಹೊಂದುವುದಿಲ್ಲ ಎಂದು ಯಾರಾದರೂ ಅಂದಾರು. ಅವರಿಗಾಗಿ ಮೊನ್ನೆ ಮೊನ್ನೆಯವರೆಗೆ ನಮ್ಮ ನಾಡಿನಲ್ಲಿ ನಡೆದಾಡಿದ ಒಬ್ಬ ಮಹನೀಯರ ಮಾತು ಹೇಳುತ್ತೇವೆ. ಅವರು ಫಕೀರಪ್ಪ ಗುರುಬಸಪ್ಪ ಹಳಕಟ್ಟಿಯವರು.

1880ರಲ್ಲಿ ಧಾರವಾಡದಲ್ಲಿ ಹುಟ್ಟಿದರು. ಮುಂಬಯಿಯಲ್ಲಿ ಕಲಿತು 1904ರಲ್ಲಿ ಕಾನೂನು ಪದವಿ ಪಡೆದರು. ವಿಜಾಪುರದಲ್ಲಿ ವಕೀಲಿ ಮಾಡಿದರು. ಆ ಕಾಲದಲ್ಲಿ ವಕೀಲರೆಂದರೆ ಸಾಮಾನ್ಯವೇ? ಮಾನವಿತ್ತು, ಹಣವಿತ್ತು, ಕರಿಯ ಕೋಟಿಗೆ ಊರೇ ದಾರಿ ಬಿಡುತ್ತಿತ್ತು. ಅಂಥವರ ಕಣ್ಣಿಗೆ ಬಿದ್ದದ್ದು ಏನು? ಹಳೆಯ ಮನೆಗಳ ಅಟ್ಟದ ಮೇಲೆ, ಜಗುಲಿಯ ಮೂಲೆಯಲ್ಲಿ, ಧೂಳು ತಿನ್ನುತ್ತ ಬಿದ್ದಿದ್ದ ತಾಡೋಲೆಯ ಕಟ್ಟುಗಳು. ಕೆಲವರು ಅವಕ್ಕೆ ವಿಭೂತಿ ಹಚ್ಚಿ ಪೂಜೆ ಮಾಡುತ್ತಿದ್ದರು, ಬಿಚ್ಚಿ ಓದುತ್ತಿರಲಿಲ್ಲ. ಗೆದ್ದಲು ಮಾತ್ರ ಬಿಚ್ಚುತ್ತಿತ್ತು. ಆ ಗರಿಗಳಲ್ಲಿ ಶರಣರ ವಚನಗಳಿದ್ದವು.

ಹಳಕಟ್ಟಿಯವರು ಅವುಗಳ ಬೆನ್ನು ಹತ್ತಿದರು. ಊರೂರು ಅಲೆದರು, ಮಠಮಠ ತಿರುಗಿದರು. ಕೊಡಲೊಲ್ಲೆ ಎಂದವರನ್ನು ಬೇಡಿಕೊಂಡರು. ಸಾವಿರಕ್ಕಿಂತ ಹೆಚ್ಚು ತಾಡೋಲೆಯ ಕಟ್ಟುಗಳನ್ನು ಕೂಡಿಸಿದರೆಂದು ಹೇಳುತ್ತಾರೆ. ಪ್ರತಿ ಮಾಡಿದರು, ತಾಳೆ ನೋಡಿದರು. 1923ರಲ್ಲಿ 'ವಚನಶಾಸ್ತ್ರ ಸಾರ'ದ ಮೊದಲ ಭಾಗ ಹೊರಬಂತು. 1925ರಲ್ಲಿ ತಮ್ಮದೇ 'ಹಿತಚಿಂತಕ' ಮುದ್ರಣಾಲಯವನ್ನು ತೆರೆದರು. ಅದಕ್ಕಾಗಿ ಇರುವ ಮನೆಯನ್ನೇ ಮಾರಿದರು. 1926ರಲ್ಲಿ 'ಶಿವಾನುಭವ' ಪತ್ರಿಕೆಯನ್ನು ಆರಂಭಿಸಿದರು. ಅದೇ ವರ್ಷ ಬಳ್ಳಾರಿಯ ಕನ್ನಡ ಸಾಹಿತ್ಯ ಸಮ್ಮೇಳನಕ್ಕೆ ಅಧ್ಯಕ್ಷರಾದರು. ಜನರಿಗೆ ಹೆಸರೂ ಗೊತ್ತಿರದ ಎಷ್ಟೋ ವಚನಕಾರರು ಅವರಿಂದ ಬೆಳಕಿಗೆ ಬಂದರು. ಇವೊತ್ತು ನೀವು ಮನೆಯಲ್ಲಿ ವಚನದ ಪುಸ್ತಕ ತೆರೆದು ಓದುತ್ತೀರಿ. ಆ ಪುಸ್ತಕದ ಹಿಂದೆ ಒಬ್ಬ ವಕೀಲರ ಮಾರಿಹೋದ ಮನೆಯಿದೆ ಎಂಬುದನ್ನು ಮರೆಯಬೇಡಿರಿ.

ವಕೀಲಿ ಹಿಂದೆ ಬಿತ್ತು, ಆದಾಯ ಇಳಿಯಿತು. ಕೊನೆಗಾಲದವರೆಗೂ ಬಡತನ ಬಿಡಲಿಲ್ಲ. 1964ರಲ್ಲಿ ಲಿಂಗೈಕ್ಯರಾದರು. ಆಚಾರ್ಯ ಬಿ. ಎಂ. ಶ್ರೀಕಂಠಯ್ಯನವರು ವಿಜಾಪುರಕ್ಕೆ ಬಂದಾಗ, ಗೋಳಗುಮ್ಮಟಕ್ಕಿಂತ ಮೊದಲು ಹಳಕಟ್ಟಿಯವರನ್ನು ಕಾಣಬೇಕೆಂದು ಹೋಗಿ ನಮಸ್ಕರಿಸಿದರೆಂದು ಹಿರಿಯರು ಇಂದಿಗೂ ನೆನೆಯುತ್ತಾರೆ.

ಇಲ್ಲಿ ಒಂದು ಸೂಕ್ಷ್ಮವನ್ನು ಗಮನಿಸಿರಿ. ವಕೀಲಿ ಕೆಟ್ಟದ್ದೆಂದು ಹಳಕಟ್ಟಿಯವರು ಬಿಡಲಿಲ್ಲ. ಬೇಸರ ಬಂತೆಂದು ಓಡಿ ಹೋಗಲಿಲ್ಲ. ತನ್ನ ಕೈಯಿಂದಲೇ ಆಗಬೇಕಾದ ಒಂದು ಕೆಲಸ ಅವರ ಕಣ್ಣಿಗೆ ಬಿತ್ತು. ಅದು ಆಗದಿದ್ದರೆ ಒಂದು ದೊಡ್ಡ ನಿಧಿ ಗೆದ್ದಲಿನ ಪಾಲಾಗುತ್ತಿತ್ತು. ಆ ಕೆಲಸ ಬೆಳೆಯುತ್ತ ಬೆಳೆಯುತ್ತ ಉಳಿದ ಕೆಲಸವನ್ನು ಪಕ್ಕಕ್ಕೆ ಸರಿಸಿತು. ಕಲಿತ ಕಾನೂನಿನ ಶಿಸ್ತು, ದಾಖಲೆಯನ್ನು ಜೋಪಾನ ಮಾಡುವ ಅಭ್ಯಾಸ, ಎರಡು ಪಾಠಗಳನ್ನು ಒಂದಕ್ಕೊಂದು ತೂಗಿ ನೋಡುವ ಬುದ್ಧಿ, ಇವೆಲ್ಲ ಹೊಸ ಕೆಲಸಕ್ಕೆ ಒದಗಿ ಬಂದವು. ಹಳೆಯ ಕಸುಬಿನಲ್ಲಿ ಪ್ರಾಮಾಣಿಕನಾಗಿ ಕಲಿತದ್ದು ಎಂದಿಗೂ ವ್ಯರ್ಥವಾಗುವುದಿಲ್ಲ.

ಇನ್ನೊಂದು ಮಾತು. ಇದೇ ಹಳಕಟ್ಟಿಯವರು 1912ರಲ್ಲಿ ವಿಜಾಪುರದಲ್ಲಿ ಸಿದ್ಧೇಶ್ವರ ಸಹಕಾರಿ ಬ್ಯಾಂಕನ್ನು ಕಟ್ಟಿದವರು. ಬ್ಯಾಂಕೆಂದರೆ ಸಾಲ ಕೊಡುವುದು, ಸಾಲ ವಸೂಲು ಮಾಡುವುದು. ನಮ್ಮ ಆ ಭಕ್ತನು ಮಾಡುತ್ತಿದ್ದದ್ದೂ ಅದೇ ಕೆಲಸ. ಹಾಗಾದರೆ ದೋಷ ಸಾಲದ ವ್ಯವಹಾರದಲ್ಲಿದೆಯೇ? ಇಲ್ಲ. ನೆರೆಯವರು ಕೂಡಿ ಹಣ ಹಾಕಿ, ಕಷ್ಟದಲ್ಲಿದ್ದ ನೆರೆಯವನನ್ನು ಎತ್ತಿ ನಿಲ್ಲಿಸಿದರೆ ಅದು ಕಾಯಕ. ಬಿದ್ದವನ ಕೈಯೊಳಗಿನ ಸಾಧನವನ್ನೇ ಕಸಿದುಕೊಂಡರೆ, ಅದಕ್ಕೆ ಎಷ್ಟು ದೊಡ್ಡ ಪಗಾರವಿದ್ದರೂ ಕಾಯಕವೆಂಬ ಹೆಸರು ಸಲ್ಲುವುದಿಲ್ಲ. ಕಸುಬಿನ ಹೆಸರು ಒಂದೇ ಇರಬಹುದು, ಅದು ಯಾರ ಕಡೆಗೆ ಮುಖ ಮಾಡಿದೆ ಎಂಬುದೇ ಪ್ರಶ್ನೆ. ಬದುಕಿಗೆ ಅರ್ಥವಿಲ್ಲವೆಂದು ಅನಿಸಿದಾಗ ಮೊದಲು ನೋಡಬೇಕಾದದ್ದು ಆ ಮುಖವನ್ನು.

ಈಗ ಅನೇಕ ತರುಣರು ಮಠಕ್ಕೆ ಬಂದು ಇದೇ ಪ್ರಶ್ನೆ ಕೇಳುತ್ತಾರೆ. ಬೆಂಗಳೂರಿನಲ್ಲಿ, ಪುಣೆಯಲ್ಲಿ ಕಂಪ್ಯೂಟರಿನ ಮುಂದೆ ಕುಳಿತು ದುಡಿಯುವವರು. "ಅಪ್ಪಾರ, ಎಲ್ಲಾ ಬಿಟ್ಟು ಊರಿಗೆ ಬಂದು ಒಕ್ಕಲುತನ ಮಾಡತೀನ್ರಿ" ಎನ್ನುತ್ತಾರೆ. ಸಂತೋಷ. ಆದರೆ ದೂರದ ಬೆಟ್ಟ ನುಣ್ಣಗೆ. ಎರೆಹೊಲದಲ್ಲಿ ಒಂದು ಹಿಂಗಾರು ಕಳೆದು ನೋಡದೆ ಒಕ್ಕಲುತನದ ಮಾತು ಆಡಬಾರದು. ನಾವು ಅವರಿಗೆ ಒಂದೇ ಕೇಳುತ್ತೇವೆ: "ನೀನು ಏನನ್ನು ಬಿಟ್ಟು ಬರುತ್ತಿ ಎಂಬುದು ತಿಳಿಯಿತು. ಏನನ್ನು ಹಿಡಿಯಲು ಬರುತ್ತಿ?" ಬಿಡುವುದು ಸುಲಭ, ಹಿಡಿಯುವುದೇ ಕಷ್ಟ. ಬೇಸರಕ್ಕಾಗಿ ಬಿಟ್ಟವನಿಗೆ ಹೊಸ ಕೆಲಸದಲ್ಲಿಯೂ ಬೇಸರ ಕಾದು ಕುಳಿತಿರುತ್ತದೆ. ಹೆಚ್ಚಿನ ಹಣಕ್ಕಾಗಿ ಬಿಟ್ಟವನಿಗೆ ಎಷ್ಟು ಬಂದರೂ ಸಾಲದು.

ಆಯ್ದಕ್ಕಿ ಮಾರಯ್ಯನವರು ಒಂದು ದಿನ ನಿತ್ಯಕ್ಕಿಂತ ಹೆಚ್ಚು ಅಕ್ಕಿಯನ್ನು ಆಯ್ದು ತಂದಾಗ ಲಕ್ಕಮ್ಮನವರು ಅದನ್ನು ಮರಳಿ ಸುರಿದು ಬರಲು ಕಳಿಸಿದರು. ಆ ತಾಯಿಯ ಅಳತೆಗೋಲು ನಮ್ಮ ಮನೆಯಲ್ಲಿಯೂ ಇರಬೇಕು. ಕೆಲಸ ಬದಲಿಸುವ ಮುನ್ನ ಮನೆಯ ಲಕ್ಕಮ್ಮನನ್ನು ಕೇಳಿರಿ. ಆಕೆಗೆ ತಿಳಿಸದೆ ನೌಕರಿ ಬಿಟ್ಟು ಬಂದು, ತ್ಯಾಗ ಮಾಡಿದೆನೆಂದು ಹೇಳಿಕೊಳ್ಳುವವನ ತ್ಯಾಗದ ಭಾರವೆಲ್ಲ ಆಕೆಯ ತಲೆಯ ಮೇಲೆಯೇ ಬೀಳುತ್ತದೆ.

ಆ ಭಕ್ತ ಮುಂದೆ ಏನು ಮಾಡಿದ ಎಂದು ನಿಮಗೆ ಕುತೂಹಲವಿದ್ದೀತು. ಅವನು ಸಣ್ಣವನಿದ್ದಾಗ ಸೂಟಿಯಲ್ಲಿ ಮೋಟರ್ ವೈಂಡಿಂಗ್ ಅಂಗಡಿಯಲ್ಲಿ ಕೈಗೂಸಾಗಿ ದುಡಿದಿದ್ದ. ಆ ಕೆಲಸ ಅವನ ಕೈಗೆ ಒಗ್ಗಿತ್ತು. ಮನೆಯವರೊಡನೆ ಕುಳಿತು ಮಾತನಾಡಿದ. ನೌಕರಿಯನ್ನು ಕೂಡಲೆ ಬಿಡಲಿಲ್ಲ. ವಸೂಲಿಯ ತಿರುಗಾಟದಿಂದ ಬಿಡಿಸಿ ಕಚೇರಿಯ ಲೆಕ್ಕಕ್ಕೆ ಹಾಕಿರೆಂದು ಕೇಳಿಕೊಂಡ. ಒಂದು ವರ್ಷ ದಿನಾಲು ಸಂಜೆ ತಾಲೂಕಿನ ಊರಿನ ಅಂಗಡಿಯಲ್ಲಿ ಕುಳಿತು, ತನಗಿಂತ ಸಣ್ಣ ಹುಡುಗರ ಕೈಕೆಳಗೆ ಮತ್ತೆ ಕಲಿತ. ಇದ್ದ ಸಾಲ ತೀರಿಸಿದ, ಒಂದು ವರ್ಷಕ್ಕಾಗುವಷ್ಟು ಜೋಳ ಮನೆಯಲ್ಲಿ ಹಾಕಿಸಿದ. ಆಮೇಲೆ ನೌಕರಿ ಬಿಟ್ಟು ಊರಿನ ಬಸ್ ನಿಲ್ದಾಣದ ಹತ್ತಿರ ಸಣ್ಣ ಅಂಗಡಿ ತೆರೆದ.

ಬೇಸಿಗೆಯಲ್ಲಿ ಬೋರಿನ ಮೋಟರ್ ಸುಟ್ಟರೆ ರೈತನ ಪಾಡು ಏನೆಂಬುದು ನಿಮಗೆ ಹೇಳಬೇಕಾಗಿಲ್ಲ. ಮೂರು ಫೇಸಿನಲ್ಲಿ ಒಂದು ಹೋದರೂ ಮೋಟರ್ ಓಡುತ್ತಲೇ ಇರುತ್ತದೆ, ಓಡುತ್ತ ಓಡುತ್ತ ಒಳಗೆ ಸುಡುತ್ತದೆ. ನಾಲ್ಕು ದಿನ ನೀರು ತಪ್ಪಿದರೆ ಬೆಳೆ ಬಾಡುತ್ತದೆ. ಅಂಥ ಹೊತ್ತಿನಲ್ಲಿ ಅವನು ರಾತ್ರಿಯೆಲ್ಲ ಕುಳಿತು, ಸುಟ್ಟ ತಂತಿ ತೆಗೆದು, ಹೊಸ ತಾಮ್ರದ ತಂತಿ ಸುತ್ತಿ, ವಾರ್ನಿಶ್ ಹಾಕಿ ಒಣಗಿಸಿ ಕೊಡುತ್ತಾನೆ. ಒಮ್ಮೆ ನಾವು ಆ ದಾರಿಯಲ್ಲಿ ಹೋಗುವಾಗ ಅಂಗಡಿಯ ಮುಂದೆ ಗಾಡಿ ನಿಲ್ಲಿಸಿದೆವು. ಒಬ್ಬ ಮುದುಕ ರೈತ ಸಿಂಗಲ್ ಫೇಸಿನ ಮೋಟರ್ ತಂದಿದ್ದ. "ಸುಟ್ಟೈತಿ ಕಾಣತೈತಪಾ, ಎಷ್ಟಾಗತೈತಿ ನೋಡು" ಎಂದು ಕೈಜೋಡಿಸಿದ. ನಮ್ಮ ಭಕ್ತ ಬಿಚ್ಚಿ ನೋಡಿ ಅಂದ: "ಯಜ್ಜಾ, ಮೋಟರ್ ಏನೂ ಆಗಿಲ್ಲ. ಕೆಪ್ಯಾಸಿಟರ್ ಅಷ್ಟ ಹೋಗೈತಿ. ಅದರ ರೊಕ್ಕ ಕೊಡು, ಸಾಕು." ಅಜ್ಜನಿಗೆ ಮೋಟರಿನ ಒಳಗು ತಿಳಿಯದು. ಸುಟ್ಟಿದೆ ಎಂದಿದ್ದರೆ ನಂಬುತ್ತಿದ್ದ, ಸಾವಿರಾರು ರೂಪಾಯಿ ಎಣಿಸಿ ಕೊಡುತ್ತಿದ್ದ. ನೋಡುವವರು ಯಾರೂ ಇರಲಿಲ್ಲ. ನಾವು ಅಲ್ಲಿ ನಿಂತಿದ್ದು ಅವನಿಗೆ ಇನ್ನೂ ಕಂಡಿರಲಿಲ್ಲ.

ಬಂಧುಗಳೇ, ಅಂದು ಆ ಎಣ್ಣೆ ಜಿಡ್ಡಿನ ಅಂಗಡಿಯಲ್ಲಿ ನಮಗೆ ಕಾಯಕದ ಅರ್ಥ ತಿಳಿಯಿತು. ಎಷ್ಟೋ ಗ್ರಂಥಗಳನ್ನು ಓದಿದಾಗ ಅಷ್ಟು ಚೊಕ್ಕಟವಾಗಿ ತಿಳಿದಿರಲಿಲ್ಲ.

"ಹೆಂಗೈತಿ ತಮ್ಮಾ?" ಎಂದು ಕೇಳಿದೆವು. "ಮೊದಲಿನ ಪಗಾರದಷ್ಟು ಬರೂದಿಲ್ರಿ ಅಪ್ಪಾರ. ಮಳಿಗಾಲದಾಗ ಅರ್ಧಾನೂ ಬರೂದಿಲ್ಲ. ಆದರ ಬಂದವರ ಮಾರಿ ನೋಡಿ ಮಾತಾಡಾಕ ಬರತೈತ್ರಿ ಈಗ" ಎಂದ. ಸ್ವಲ್ಪ ಹೊತ್ತು ಸುಮ್ಮನಿದ್ದು ಮತ್ತೆ ಹೇಳಿದ. ಆ ತಾಯಿಯ ಊರಿಗೆ ಹೋಗಿದ್ದನಂತೆ. ಬೇರೆ ಹೊಲಿಗೆ ಯಂತ್ರ ಕೊಡಿಸುತ್ತೇನೆ ಎಂದನಂತೆ. ಆಕೆ ಒಲ್ಲೆನೆಂದು ಬಾಗಿಲು ಹಾಕಿಕೊಂಡಳಂತೆ. "ಅದೊಂದು ಹಂಗ ಉಳೀತ್ರಿ" ಎಂದ.

ಹೌದು, ಕೆಲವು ಹಾಗೆಯೇ ಉಳಿಯುತ್ತವೆ. ಕಸುಬು ಬದಲಿಸಿದ ಮಾತ್ರಕ್ಕೆ ಹಿಂದಿನದು ಅಳಿಸಿ ಹೋಗುವುದಿಲ್ಲ. ಅದರಲ್ಲಿ ನಮ್ಮ ಪಾಲೂ ಇದೆ. ಆ ಬಾಗಿಲು ನಮಗೂ ಹಾಕಿದ ಬಾಗಿಲು ಎಂದು ತಿಳಿದಿದ್ದೇವೆ. ಅದಕ್ಕಾಗಿಯೇ ಅಂದಿನಿಂದ ಯಾರು ಬಂದು ಕೇಳಿದರೂ ನಿಂತು ಉತ್ತರ ಕೊಡುವುದನ್ನು ಬಿಟ್ಟಿದ್ದೇವೆ. ಕುಳಿತು ಕೇಳುತ್ತೇವೆ.

ಇಲ್ಲಿ ಕುಳಿತ ಎಲ್ಲರಿಗೂ ಕಸುಬು ಬದಲಿಸುವ ಅನುಕೂಲ ಇರುವುದಿಲ್ಲ. ಸಾಲವಿದೆ, ಮಕ್ಕಳ ಶಾಲೆಯಿದೆ, ಹಾಸಿಗೆ ಹಿಡಿದ ಹಿರಿಯರಿದ್ದಾರೆ. ಅಂಥವರು ನಿರಾಶರಾಗಬೇಕಾಗಿಲ್ಲ. ಇರುವ ಕೆಲಸದ ಮುಖವನ್ನು ತಿರುಗಿಸಲು ಬರುತ್ತದೆಯೇ ನೋಡಿರಿ. ಕಚೇರಿಯ ಕಾರಕೂನನು ಮುದುಕಿಯ ಪಿಂಚಣಿಯ ಕಾಗದವನ್ನು ನಾಳೆ ಬಾ ಎನ್ನದೆ ಇಂದೇ ಮುಂದೆ ಕಳಿಸಿದರೆ, ಅವನ ಕುರ್ಚಿ ಅದೇ ಇದ್ದರೂ ಅವನ ಕಸುಬು ಬದಲಾಯಿತು. ಹಾಗೆ ತಿರುಗಿಸಲು ಸಾಧ್ಯವೇ ಇಲ್ಲದ ಕೆಲಸವಾದರೆ, ಅಂದರೆ ಇನ್ನೊಬ್ಬರ ಕಣ್ಣೀರಿಲ್ಲದೆ ನಡೆಯದ ಕೆಲಸವಾದರೆ, ಸಾವಕಾಶವಾಗಿ, ತಯಾರಿ ಮಾಡಿಕೊಂಡು, ಮನೆಯವರನ್ನು ಕೂಡಿಸಿಕೊಂಡು ಹೊರಗೆ ಬನ್ನಿರಿ. ಅದರಲ್ಲಿ ಅಪಮಾನವಿಲ್ಲ, ಧರ್ಮಕ್ಕೆ ಕುಂದೂ ಇಲ್ಲ.

ಬೆಳಗಿನ ಪೂಜೆಯಲ್ಲಿ ಇಷ್ಟಲಿಂಗವನ್ನು ಎಡಗೈಯಲ್ಲಿ ಹಿಡಿದು ಕುಳಿತಾಗ ಒಂದು ಗಳಿಗೆ ಈ ಪ್ರಶ್ನೆಯನ್ನು ಕೇಳಿಕೊಳ್ಳಿರಿ: "ನಿನ್ನೆ ಈ ಕೈ ಏನು ಮಾಡಿತು? ಯಾರಿಗೆ ಕೊಟ್ಟಿತು, ಯಾರಿಂದ ಕಸಿಯಿತು?" ಲಿಂಗ ಹಿಡಿಯುವ ಕೈಯೂ ದುಡಿಯುವ ಕೈಯೂ ಒಂದೇ. ಅದು ಲಿಂಗದ ಎದುರಿಗೆ ಅಳುಕದೆ ನಿಂತರೆ ನಿಮ್ಮ ಕಸುಬು ಯಾವುದೇ ಇರಲಿ, ನೀವು ಇರಬೇಕಾದಲ್ಲಿಯೇ ಇದ್ದೀರಿ. ಅಳುಕಿದರೆ, ಆ ಅಳುಕನ್ನು ಗದರಿಸಿ ಸುಮ್ಮನಿರಿಸಬೇಡಿರಿ. ಅದು ನಿಮ್ಮೊಳಗಿನ ಶಿವನು ಕರೆಯುವ ಕರೆ.

ಅಂಥ ಕರೆಯನ್ನು ಕೇಳುವ ಕಿವಿಯನ್ನೂ, ಕೇಳಿ ನಡೆಯುವ ಧೈರ್ಯವನ್ನೂ ಆ ಪರಶಿವನು ನಿಮಗೆಲ್ಲರಿಗೂ ಕರುಣಿಸಲಿ ಎಂದು ಹಾರೈಸಿ ಇಂದಿನ ಮಾತಿಗೆ ಮಂಗಳ ಹಾಡುತ್ತೇವೆ. ಪ್ರಸಾದ ಸ್ವೀಕರಿಸಿಯೇ ಎಲ್ಲರೂ ಮನೆಗೆ ತೆರಳಬೇಕು.